ಮೂರು ನೀರಿನಲ್ಲಿ ತೊಳೆದ ಜೋಳ

ಅವತ್ತೂ ಬೆಳಗಿನ ನಾಲ್ಕೂವರೆಗೆ ಎದ್ದೆ. ಚಳಿಗಾಲದಲ್ಲಿ ಅತಿಥಿಗಳು ಬಂದಿದ್ದ ದಿನಗಳೆಲ್ಲ ಹಾಗೆಯೇ ಶುರುವಾಗುತ್ತಿದ್ದವು. ಮೊದಲು ಒಲೆಯ ಮುಂದೆ ಕೂತು ಮೆತ್ತನೆಯ ಕಸಬರಿಗೆಯಿಂದ ಒಲೆಯ ಬಾಯಿ ಗುಡಿಸಬೇಕು. ಕಟ್ಟಿಗೆಯ ಒಂದೊಂದು ತುಂಡನ್ನೂ ನೆಲಕ್ಕೆ ಮೆಲ್ಲಗೆ ತಟ್ಟಬೇಕು. ಸಂದಿಯಲ್ಲಿ ಇರುವೆಯೋ ಜೇಡವೋ ಇದ್ದರೆ ಇಳಿದುಹೋಗಲಿ ಎಂದು. ನಮ್ಮ ಜೈನರ ಮನೆಗಳಲ್ಲಿ ಇದನ್ನು ಯಾರೂ ಕೂರಿಸಿ ಕಲಿಸುವುದಿಲ್ಲ, ನೋಡಿ ನೋಡಿ ಬರುತ್ತದೆ. ಆಮೇಲೆ ಕೊಡದ ಬಾಯಿಗೆ ಎರಡು ಪದರದ ಬಿಳಿ ಬಟ್ಟೆ ಕಟ್ಟಿ ನೀರು ಸೋಸುವುದು. ಅಷ್ಟಾದ ಮೇಲೆ ಚಹಾ. ಎರಡು ದೊಡ್ಡ ಥರ್ಮಾಸು ತುಂಬಿ, ಬುಟ್ಟಿಯಲ್ಲಿ ಎಂಟು ಸ್ಟೀಲಿನ ಲೋಟಗಳನ್ನು ಒಂದಕ್ಕೊಂದು ತಾಕದಂತೆ ನಡುನಡುವೆ ಬಟ್ಟೆ ತುರುಕಿ ಇಡುತ್ತಿದ್ದೆ. ಹಕ್ಕಿ ನೋಡಲು ಕೂರುವ ಮರೆಯಲ್ಲಿ ಲೋಟ ಖಣ್ ಎಂದರೆ ನಮ್ಮವರು ಬೈಯುತ್ತಿರಲಿಲ್ಲ, ಅವರ ಮುಖ ಸಣ್ಣದಾಗುತ್ತಿತ್ತು. ಬೈದಿದ್ದರೇ ವಾಸಿ ಅನ್ನಿಸುತ್ತಿತ್ತು.

ಅವರು ಅಂಗಳದಲ್ಲಿ ಕಂದೀಲಿನ ಬೆಳಕಿಗೆ ದುರ್ಬೀನುಗಳ ಗಾಜು ಒರೆಸುತ್ತಿದ್ದರು. ಹಳೆಯ ಬನಿಯನ್ನಿನ ತುಂಡು, ಬಾಯಿಂದ ಒಂದು ಉಸಿರು, ಬೆರಳಿನಿಂದ ಮೂರು ಸುತ್ತು. ಒರೆಸುತ್ತಲೇ ತಲೆ ಓರೆ ಮಾಡಿ ನದಿಯ ಕಡೆಗೆ ಕಿವಿ ಕೊಟ್ಟಿದ್ದರು. ಘಟಪ್ರಭೆಯ ಹಿನ್ನೀರಿನ ನಡುವೆ ಒಂದು ಮರಳದಿಬ್ಬವಿತ್ತು. ರಾತ್ರಿಯನ್ನು ಅಲ್ಲಿ ಕಳೆಯುವ ಕ್ರೌಂಚಗಳು ಬೆಳಕು ಹರಿಯುವ ಮೊದಲು ಒಂದೆರಡು ಸಲ ಕೂಗಿಕೊಳ್ಳುತ್ತವೆ.

"ಅದಾವ," ಅಂದರು.

"ಅದಾವ ಖರೆ, ಈ ಕಡೆ ಬರಬೇಕಲ್ರಿ," ಅಂದೆ.

"ಬಂದ್ರ ಬಂದುವು. ನಾವೇನ ಬೀಗರನ್ನ ಕರದಂಗ ಕರ್ಯಾಕ ಬರತೈತೇನ?"

ನನ್ನ ಉಗುರುಗಳ ಬುಡದಲ್ಲಿ ಇನ್ನೂ ನಸುಗೆಂಪು ಬಣ್ಣ ಉಳಿದಿತ್ತು. ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಹಿಂದಿನ ದಿನ ಸಂಜೆ ನಾನು ಅವರಿಗೆ ತಿಳಿಸದೆ ಒಂದು ಕೆಲಸ ಮಾಡಿದ್ದೆ. ಅದು ಏಕೆ ಎಂದು ತಿಳಿಯಬೇಕಾದರೆ ಆ ಹೊಲದ ಕಥೆಯನ್ನು ಸ್ವಲ್ಪ ಹೇಳಬೇಕು.

ಇದು ತೊಂಬತ್ತರ ದಶಕದ ಕೊನೆಯ ಮಾತು. ನಮ್ಮವರು ಮೊದಲು ಗೋಕಾಕದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಮದುವೆಯಾಗಿ ಏಳನೆಯ ವರ್ಷಕ್ಕೆ ನೌಕರಿ ಬಿಟ್ಟು, ಹಿನ್ನೀರಿನ ದಂಡೆಯಲ್ಲಿದ್ದ ಮನೆತನದ ನಾಲ್ಕು ಎಕರೆ ಹೊಲದ ತುದಿಗೆ ಮೂರು ಹಂಚಿನ ಕೋಣೆ ಕಟ್ಟಿಸಿ, ನಿಸರ್ಗ ಕೇಂದ್ರ ಎಂದು ಬೋರ್ಡು ಹಾಕಿದರು. ಬೋರ್ಡಿನ ಅಕ್ಷರ ನನ್ನದು. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಸ್ಕೇಲಿನಿಂದ ಗೆಣ್ಣಿಗೆ ಹೊಡೆದು ತಿದ್ದಿಸಿದ ಅಕ್ಷರ ಅಷ್ಟಾದರೂ ಉಪಯೋಗಕ್ಕೆ ಬಂತು ಎಂದು ನನಗೆ ಖುಷಿಯಾಗಿತ್ತು. ಪುಣೆ, ಸಾಂಗಲಿ, ಮುಂಬೈ ಕಡೆಯಿಂದ ಕಾಗದ ಬರೆದು ಜನ ಬರುತ್ತಿದ್ದರು. ಮೂರು ದಿನದ ರಜೆ. ಒಂದು ಬೆಳಿಗ್ಗೆ ನದಿಯ ಮೇಲೆ ದೋಣಿ, ನೀರುನಾಯಿ, ಬಾತುಗಳು. ಒಂದು ದಿನ ಜೀಪಿನಲ್ಲಿ ಅಂಕಲಗಿಯ ಕಡೆಯ ಕುರುಚಲು ಗುಡ್ಡ. ನರಿ, ಮೊಲ, ಪುಣ್ಯವಿದ್ದರೆ ತೋಳ. ಕೊನೆಯ ಬೆಳಿಗ್ಗೆ ಕ್ರೌಂಚ. ಜನ ಬರುತ್ತಿದ್ದುದೇ ಅವಕ್ಕಾಗಿ. ಬೂದಿ ಬಣ್ಣದ ಮೈ, ಕಪ್ಪು ಕತ್ತು, ಕಣ್ಣಿನ ಹಿಂದೆ ಬಾಚಿ ಬಿಟ್ಟಂತೆ ಬಿಳಿಯ ಗರಿ. ಎಲ್ಲಿಯದೋ ಹಿಮದ ದೇಶದಿಂದ ಬಂದು ನಮ್ಮ ಹೊಲದಲ್ಲಿ ಶೇಂಗಾ ಹೆಕ್ಕುತ್ತಿದ್ದವು.

ಪಕ್ಕದ ಹೊಲದ ಮನೆಯ ಕಾಕಿಗೆ ಇದೆಲ್ಲ ದೊಡ್ಡ ನಗೆಯ ವಿಷಯ. "ಹಕ್ಕಿ ನೋಡಾಕ ಪುಣೇದಿಂದ ಬರತಾರಂತ! ನಮ್ಮ ಮಾಳಗಿ ಮ್ಯಾಲ ದಿನಾ ಇಪ್ಪತ್ತ ಕಾಗಿ ಕುಂಡ್ರತಾವ, ಅವನ್ನೂ ತೋರಸ ಯವ್ವಾ, ಪುಕ್ಕಟ," ಎನ್ನುತ್ತಿದ್ದಳು.

ಕ್ರೌಂಚಗಳು ನಮ್ಮ ಹೊಲಕ್ಕೆ ಇಳಿಯುತ್ತಿದ್ದುದು ಅದು ಬಯಲಾಗಿದ್ದರಿಂದ. ಶೇಂಗಾ ಕಿತ್ತ ಮೇಲೆ ಮಣ್ಣಿನಲ್ಲಿ ಕಾಯಿ ಉಳಿಯುತ್ತವೆ, ನಾಲ್ಕೂ ಕಡೆ ಕಣ್ಣು ಹಾಯುತ್ತದೆ, ಅಂಥ ಕಡೆ ಮಾತ್ರ ಅವು ಇಳಿಯುವುದು. ಮೊದಮೊದಲು ಸುತ್ತಲೂ ಅಂಥ ಹೊಲಗಳೇ ಇದ್ದವು. ಕಾಲುವೆ, ಪಂಪ್‌ಸೆಟ್ಟು, ಕಾರ್ಖಾನೆಯ ಲಾರಿ ಎಲ್ಲ ಬಂದು ವರ್ಷವರ್ಷಕ್ಕೂ ಒಂದೊಂದು ಹೊಲ ಕಬ್ಬಿನೊಳಗೆ ಹೋಯಿತು. ಗೋಕಾಕದಿಂದ ಮೂಡಲಗಿಯವರೆಗೆ ಬಸ್ಸಿನಲ್ಲಿ ಹೋದರೆ ಎರಡೂ ಕಡೆ ಹಸಿರು ಗೋಡೆ. ಕಿಟಕಿಯಿಂದ ಒಂದು ಮನೆಯೂ ಕಾಣದು. ಆ ಗೋಡೆಯ ನಡುವೆ, ಹೊಳೆಯ ತಿರುವಿನಾಚೆ ಕಾಕಿಯವರ ಒಂದು ತುಂಡು ಕಡಲೆ ಹೊಲ ಬಿಟ್ಟರೆ, ನಮ್ಮ ನಾಲ್ಕು ಎಕರೆ ಒಂದು ಅಂಗಳದಂತೆ ಉಳಿದಿತ್ತು.

ಹೊಲ ಇನ್ನೂ ಅತ್ತೆಯವರ ಹೆಸರಿನಲ್ಲಿತ್ತು. ಬೆಲ್ಲದ ಬಾಗೇವಾಡಿಯಲ್ಲಿ ಮನೆತನದ ಉಳಿದ ಭೂಮಿ ನೋಡಿಕೊಳ್ಳುತ್ತಿದ್ದ ಮೈದುನ ಕೆಟ್ಟವನಲ್ಲ. ಆದರೆ ಆ ವರ್ಷ ದೀಪಾವಳಿಗೆ ಬಂದಾಗ ಊಟದ ಎಲೆಯ ಮುಂದೆಯೇ ಹೇಳಿದ: "ಅಣ್ಣಾ, ಬಗಲಾಗ ನೀರ ಹರ್ಯಾಕತ್ತೈತಿ, ನಾವ ಕೊಕ್ಕರಿ ಸಲುವಾಗಿ ಹೊಲಾ ಬಯಲ ಬಿಟ್ಟ ಕುಂತೇವಿ. ಹೋದ ವರ್ಷನೂ ಹತ್ತಿರ ಬರಲಿಲ್ಲ ಅವು. ಬಂದ ಮಂದಿ ಮಾರಿ ಸಣ್ಣದ ಮಾಡಿಕೊಂಡ ಹೋದ್ರು. ಈ ವರ್ಷ ಸಂಕ್ರಾಂತಿ ಮಟಾ ನೋಡೂಣು. ಬಂದ್ರ ನಾ ಇನ್ನ ಹತ್ತ ವರ್ಷ ಬಾಯಿ ತಗಿಯೂದಿಲ್ಲ. ಬರಲಿಲ್ಲಂದ್ರ ಕಬ್ಬ ಹಚ್ಚೂಣು."

ನಮ್ಮವರು ಆಗಲಿ ಎಂದರು. ಅತ್ತೆಯೂ ತಲೆಯಾಡಿಸಿದರು. ಹೊಲ ಹೋದರೆ ಹಕ್ಕಿ ಇಲ್ಲ, ಹಕ್ಕಿ ಇಲ್ಲದಿದ್ದರೆ ಕೇಂದ್ರ ಇಲ್ಲ, ಕೇಂದ್ರ ಇಲ್ಲದಿದ್ದರೆ ನಮ್ಮವರು ಏನು ಎಂಬುದು ನನಗೆ ಊಹಿಸಲಾಗುತ್ತಿರಲಿಲ್ಲ. ಹಕ್ಕಿಯ ಮಾತು ಬಿಟ್ಟರೆ ಅವರಿಗೆ ಬೇರೆ ಮಾತೇ ಇರಲಿಲ್ಲ. ಮದುವೆಗೆ ನೋಡಲು ಬಂದಾಗಲೂ ನನ್ನ ಬಿಟ್ಟು ನಮ್ಮ ಮನೆಯ ತೊಲೆಯಲ್ಲಿ ಗೂಡು ಕಟ್ಟಿದ ಗುಬ್ಬಿಯನ್ನೇ ನೋಡುತ್ತ ಕೂತಿದ್ದರು.

ಸಂಕ್ರಾಂತಿ ಬಂತು, ಹೋಯಿತು. ಕ್ರೌಂಚಗಳು ಮರಳದಿಬ್ಬದ ಮೇಲೆ ಬಂದವು, ಹೊಲಕ್ಕೆ ಇಳಿಯಲಿಲ್ಲ. ಮಣ್ಣಿನಲ್ಲಿ ಉಳಿದ ಕಾಯಿ ಯಾವಾಗಲೋ ಮುಗಿದಿತ್ತು. ಸಂಕ್ರಾಂತಿಯಾಗಿ ಎರಡನೆಯ ದಿನ ಪುಣೆಯಿಂದ ಆರು ಮಂದಿ ಬಂದರು. "ಈ ಗುಂಪು ಹೋಗೂ ಮಟಾ ನೋಡೂಣು, ಆ ದಿನ ನಾ ಬರತೇನಿ," ಎಂದು ಮೈದುನ ಹೇಳಿ ಕಳಿಸಿದ್ದ. ಅದು ಕೊನೆಯ ಗುಂಪು ಎಂದು ನಮಗೆ ಮೂವರಿಗೂ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಆಡಿದವರು ಯಾರೂ ಇಲ್ಲ.

ನಮ್ಮವರ ಒಂದು ನೇಮವಿತ್ತು. ಕಾಡಿನ ಹಕ್ಕಿಗೆ ಕಾಳು ಹಾಕಿ ಕರೆಯಬಾರದು. ಅತಿಥಿಗಳು ಬಂದ ಮೊದಲ ಸಂಜೆ ಅದನ್ನೇ ಹೇಳುತ್ತಿದ್ದರು: "ನಾವು ತೋರಿಸುವವರಲ್ಲ, ನೋಡಲು ಕೂರುವವರು." ಆದರೆ ಮನೆಯ ಬಾಗಿಲಲ್ಲಿ ಗುಬ್ಬಿ, ಪಾರಿವಾಳಗಳಿಗೆ ದಿನವೂ ಕಾಳು ಹಾಕದೆ ಅತ್ತೆ ಬಾಯಿಗೆ ನೀರು ಮುಟ್ಟಿಸುತ್ತಿರಲಿಲ್ಲ. ಇವರ ನೇಮಕ್ಕೂ ಅವರ ನೇಮಕ್ಕೂ ನಡುವೆ ನಾನು ಎರಡೂ ಸರಿ ಎಂದುಕೊಂಡು ಬಾಳುತ್ತಿದ್ದೆ.

ಉಗ್ರಾಣದಲ್ಲಿ ಒಂದು ಡಬ್ಬಿಯ ತುಂಬ ಬಿತ್ತನೆಯ ಜೋಳವಿತ್ತು. ಹಿಂಗಾರಿಗೆಂದು ಮೈದುನ ತಂದು, ಉಳಿದದ್ದನ್ನು ನಮ್ಮಲ್ಲಿ ಇಟ್ಟುಹೋಗಿದ್ದ. ಚೀಲದಿಂದ ಡಬ್ಬಿಗೆ ಸುರಿದವರು ಅತ್ತೆ. ಕಾಳಿಗೆಲ್ಲ ಕೆಂಪು ಬಣ್ಣ ಬಳಿದಿತ್ತು. ಅದನ್ನು ನಾನು ನೋಡುತ್ತ ನಿಂತಿದ್ದಾಗ ಅತ್ತೆ, "ಹುಳಾ ಹತ್ತಬಾರದಂತ ಏನೋ ಹಚ್ಚಿರತಾರವಾ. ಬಿತ್ತೂ ಹೊತ್ತು ಹೋತು, ಸುಮ್ಮನ ಕಾಳ ಹಾಳಾಗತಾವ. ಮೂರ ನೀರಾಗ ತೊಳದ ಒಣಗಿಸಿದ್ರ ಹಕ್ಕಿಗರ ಆಗತಾವ," ಎಂದರು. ಕಾಳು ಹಾಳಾಗುವುದು ಅವರಿಗೆ ಸಹಿಸದು. ಅವರು ಹೇಳಿದ್ದು ಬಾಗಿಲ ಗುಬ್ಬಿಗಳಿಗೆ. ನನ್ನ ತಲೆಗೆ ಬಂದದ್ದು ಬೇರೆ.

ನಮ್ಮವರು ಅತಿಥಿಗಳನ್ನು ಕರೆದುಕೊಂಡು ಅಂಕಲಗಿಯ ಕಡೆ ಹೋದ ದಿನ ಮುಂಜಾನೆಯೇ ಆ ಜೋಳವನ್ನು ಬುಟ್ಟಿಗೆ ಸುರಿದು ತೊಳೆದೆ. ಮೊದಲ ನೀರು ದಾಸವಾಳದಂತೆ ಕೆಂಪಾಯಿತು. ಎರಡನೆಯದು ಗುಲಾಬಿ. ಮೂರನೆಯದು ಹೆಚ್ಚುಕಡಿಮೆ ತಿಳಿ. ಬಣ್ಣ ಹೋದದ್ದನ್ನು ಕಣ್ಣಾರೆ ಕಂಡೆ. ಬಣ್ಣದ ಜೊತೆಗೆ ಉಳಿದದ್ದೂ ಹೋಯಿತೆಂದು ನಂಬಿದೆ. ನೀರು ಸೋಸುವ ಮನೆಯವರು ನಾವು. ತೊಳೆದದ್ದು, ಸೋಸಿದ್ದು ಶುದ್ಧ ಎನ್ನುವುದನ್ನು ನಾನು ಯಾವತ್ತೂ ಪ್ರಶ್ನಿಸಿದವಳಲ್ಲ. ಮಾಳಿಗೆಯ ಬಿಸಿಲಿಗೆ ಹರವಿ ಒಣಗಿಸಿ, ಹೊತ್ತು ಇಳಿಯುವ ಮುಂಚೆ ಉಡಿಯಲ್ಲಿ ತುಂಬಿಕೊಂಡು ಹೊಲಕ್ಕೆ ಹೋದೆ. ಮರೆಯ ಕಿಂಡಿಯಿಂದ ಚೆನ್ನಾಗಿ ಕಾಣುವ ಜಾಗ ಯಾವುದೆಂದು ನನಗೆ ಗೊತ್ತಿತ್ತು. ಅಲ್ಲಿ ಬಿತ್ತುವವಳಂತೆ ಕೈಬೀಸಿ ಎರಚಿದೆ. ಯಾರೂ ನೋಡಲಿಲ್ಲ. ಮನಸ್ಸಿನಲ್ಲಿ ಪ್ರಾರ್ಥನೆಯೂ ಇತ್ತು. ಒಂದೇ ಒಂದು ಬೆಳಿಗ್ಗೆ, ನಾಳೆ ಒಂದು ಬೆಳಿಗ್ಗೆ ಇಳಿಯಲಿ ಎಂದು.

ಇಷ್ಟು ಹೇಳಿದರೆ ಆ ದಿನಕ್ಕೆ ಹಿಂದಿರುಗಬಹುದು.

ಐದೂವರೆಗೆ ಅತಿಥಿಗಳು ಮಫ್ಲರು ಸುತ್ತಿಕೊಂಡು ಒಬ್ಬೊಬ್ಬರಾಗಿ ಹೊರಗೆ ಬಂದರು. ಎರಡು ಜೋಡಿ ಗಂಡಹೆಂಡಿರು, ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು, ಮತ್ತೆ ಒಬ್ಬ ವಯಸ್ಸಾದ ಹೆಂಗಸು, ಎಲ್ಲರೂ ಕರೆಯುತ್ತಿದ್ದಂತೆ ಡಾಕ್ಟರ್‌ ಬಾಯಿ. ಬ್ಯಾಂಕಿನವರು ಮಾತಿನ ಮಲ್ಲರು. ನಮ್ಮಲ್ಲಿ ಹೊತ್ತು ಮುಳುಗುವ ಮೊದಲೇ ಊಟ ಮುಗಿಸಬೇಕಲ್ಲ, ಅದಕ್ಕೆ ಹಿಂದಿನ ಸಂಜೆ ಮರಾಠಿಯಲ್ಲಿ, "ವೈನಿ, ಹಕ್ಕಿಗಳಿಗಿಂತ ಮೊದಲು ನಮ್ಮನ್ನೇ ಗೂಡಿಗೆ ಸೇರಿಸಿಬಿಟ್ಟಿರಿ," ಎಂದು ಎಲ್ಲರನ್ನೂ ನಗಿಸಿದ್ದರು. ಡಾಕ್ಟರ್‌ ಬಾಯಿ ಹೆಚ್ಚು ಮಾತಾಡುತ್ತಿರಲಿಲ್ಲ. ಬಂದ ದಿನ ನನ್ನ ಕೈ ಹಿಡಿದು ಒಂದು ಮಾತು ಹೇಳಿದ್ದರು. ಅವರ ಯಜಮಾನರು ಹೋದ ವರ್ಷ ತೀರಿಕೊಂಡರಂತೆ. ಕ್ರೌಂಚಗಳನ್ನು ಒಟ್ಟಿಗೆ ನೋಡಬೇಕೆಂದು ಇಬ್ಬರೂ ಮೂರು ಸಲ ರಜೆ ಹಾಕಿ ಮೂರು ಸಲವೂ ರದ್ದು ಮಾಡಿದ್ದರಂತೆ.

ಸಾಮಾನ್ಯವಾಗಿ ನಾನು ಮರೆಯವರೆಗೆ ಹೋಗುತ್ತಿರಲಿಲ್ಲ. ಅವತ್ತು ಚಹಾದ ಬುಟ್ಟಿ ನಾನೇ ತರುತ್ತೇನೆಂದು ಹೊರಟೆ. ಮರೆ ಎಂದರೆ ಜೋಳದ ದಂಟಿನಿಂದ ಕಟ್ಟಿದ ಉದ್ದನೆಯ ಗುಡಿಸಲು, ಎದೆಯ ಮಟ್ಟಕ್ಕೆ ಕಿಂಡಿಗಳು, ಕೂರಲು ಹಲಗೆ. ಇಬ್ಬನಿಗೆ ದಂಟು ನೆಂದು ಸಿಹಿಯಾದ ವಾಸನೆ ಬರುತ್ತಿತ್ತು. ಎಲ್ಲರೂ ಕೂತರು. ಕತ್ತಲು ಬೂದಿಯಾಯಿತು, ಬೂದಿ ಬಿಳುಪಾಯಿತು.

ಮೊದಲು ಸದ್ದು ಬಂತು. ಕೊಳಲಿನಲ್ಲಿ ನೀರು ಸಿಕ್ಕಿಕೊಂಡಂಥ ಆ ಕೂಗು. ನಮ್ಮವರ ಬೆನ್ನು ನೆಟ್ಟಗಾಯಿತು. ಕಬ್ಬಿನ ಗೋಡೆಯ ಮೇಲಿಂದ ಅವು ಸಾಲಾಗಿ ಬಂದು, ಒಂದು ಸುತ್ತು ಹೊಡೆದು, ಕಾಲು ಇಳಿಬಿಟ್ಟು, ಒಂದಾದ ಮೇಲೊಂದು ನಮ್ಮ ಹೊಲಕ್ಕೆ ಇಳಿದವು. ನಲವತ್ತರ ಮೇಲೆ ಇದ್ದವು. ಇಳಿದ ಕೂಡಲೇ ರೆಕ್ಕೆ ಮಡಚಿ, ಕತ್ತು ಎತ್ತಿ ನೋಡಿ, ತಲೆ ತಗ್ಗಿಸಿ ಹೆಕ್ಕತೊಡಗಿದವು. ಡಾಕ್ಟರ್‌ ಬಾಯಿ ದುರ್ಬೀನು ಕೆಳಗಿಟ್ಟು ಬರಿಗಣ್ಣಿನಿಂದ ನೋಡುತ್ತಿದ್ದರು, ಕೆನ್ನೆ ಒದ್ದೆಯಾಗಿತ್ತು. ನಮ್ಮವರು ಹಿಂದೆ ತಿರುಗಿ ನನ್ನನ್ನು ನೋಡಿದರು. ಹದಿನೈದು ವರ್ಷದ ಸಂಸಾರದಲ್ಲಿ ಅವರು ನನ್ನನ್ನು ಹಾಗೆ ನೋಡಿದ್ದು ಎಷ್ಟು ಸಲ ಎಂದು ಬೆರಳು ಮಡಿಚಿ ಹೇಳಬಲ್ಲೆ. ಇನ್ನು ಹತ್ತು ವರ್ಷ, ಎಂದು ಅವರ ಕಣ್ಣು ಹೇಳುತ್ತಿತ್ತು. ನಾನು ಗೆದ್ದೆ ಎಂದುಕೊಂಡೆ. ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೆ ಎಂದುಕೊಂಡದ್ದು ನಿಜ.

ಅರ್ಧ ಗಂಟೆ ಕಳೆದಿರಬೇಕು. ಬದುವಿನ ಹತ್ತಿರ ಇದ್ದ ಒಂದು ಹಕ್ಕಿ ಕೂತುಕೊಂಡಿತು. ಕ್ರೌಂಚ ಮೇಯುವಾಗ ಹಾಗೆ ಕೂರುವುದಿಲ್ಲ. ಬಿಳಿಯ ಗರಿಯ ತಲೆ ಮುಂದಕ್ಕೆ ವಾಲಿತು, ನಿದ್ದೆ ತೂಗುವ ಮಗುವಿನಂತೆ ಥಟ್ಟನೆ ಎದ್ದಿತು, ಮತ್ತೆ ವಾಲಿತು. ಅದರ ಪಕ್ಕದ್ದು ನಾಲ್ಕು ಹೆಜ್ಜೆ ಓಡಿ ರೆಕ್ಕೆ ಬಿಚ್ಚಿತು. ಒಂದು ರೆಕ್ಕೆ ಮಾತ್ರ ಬಿಚ್ಚಿಕೊಂಡಿತು.

"ಕುಣ್ಯಾಕತ್ತಾವೇನ್ರಿ?" ಎಂದು ಹೆಂಗಸರಲ್ಲಿ ಒಬ್ಬರು ಮರಾಠಿ ಬೆರೆಸಿದ ಕನ್ನಡದಲ್ಲಿ ಪಿಸುಗುಟ್ಟಿದರು. ಕ್ರೌಂಚಗಳು ಕುಣಿಯುತ್ತವೆಂದು ನಮ್ಮವರೇ ಹೇಳಿದ್ದರು.

ಮರೆಯಿಂದ ಯಾರೂ ಹೊರಗೆ ಹೋಗಬಾರದು ಎನ್ನುವುದು ಕೇಂದ್ರದ ಮೊದಲ ನಿಯಮ. ಅದನ್ನು ಮಾಡಿದ ಇವರೇ ಬಾಗಿಲು ತಳ್ಳಿಕೊಂಡು, ಚಪ್ಪಲಿಯಿಲ್ಲದೆ, ಹೊಲದೊಳಗೆ ಓಡಿದರು. ಹಾರಬಲ್ಲವು ಎದ್ದವು. ಎದ್ದವುಗಳಲ್ಲೂ ಎರಡು ಕಬ್ಬಿನ ಮೇಲೆ ಹೋಗುವಷ್ಟರಲ್ಲಿ ಕಲ್ಲಿನಂತೆ ಬಿದ್ದವು. ಉಳಿದವು ನೆಲದಲ್ಲೇ ಇದ್ದವು.

ಎಂಟು ಗಂಟೆಯ ಹೊತ್ತಿಗೆ ಹದಿನೇಳು ಸತ್ತಿದ್ದವು. ಎಣಿಸಿದ್ದು ನಾನು. ದಿನವೂ ಕಂಡ ಹಕ್ಕಿಗಳ ಲೆಕ್ಕವನ್ನು ನೋಟುಬುಕ್ಕಿನಲ್ಲಿ ಬರೆಯುವ ಕೆಲಸ ನನ್ನದಾಗಿದ್ದರಿಂದ ಕಣ್ಣು ತಾನಾಗಿಯೇ ಎಣಿಸುತ್ತಿತ್ತು. ಡಾಕ್ಟರ್‌ ಬಾಯಿ ಸೀರೆಯ ನಿರಿಗೆ ಸಿಕ್ಕಿಸಿಕೊಂಡು ಮಣ್ಣಿನಲ್ಲಿ ಕೂತು, ಇನ್ನೂ ಉಸಿರಿದ್ದ ಒಂದರ ಕೊಕ್ಕು ಬಿಡಿಸಿ ಸೋಸಿದ ನೀರು ಹನಿಸಿದರು. ಅದು ಅವರ ತೊಡೆಯ ಮೇಲೆಯೇ ಹೋಯಿತು. ಅವರು ಅದರ ಕತ್ತಿನ ಕೆಳಗಿನ ಚೀಲವನ್ನು ಒತ್ತಿ ನೋಡಿ, ಬಾಯಿಯಿಂದ ಹೊರಬಂದ ಕಾಳನ್ನು ಅಂಗೈಯಲ್ಲಿ ಹಿಡಿದು ಇವರಿಗೆ ತೋರಿಸಿದರು. "ವಿಷ," ಅಂದರು. ಆ ಮಾತಿಗೆ ಎರಡೂ ಭಾಷೆಯಲ್ಲಿ ಒಂದೇ ಶಬ್ದ.

"ಶೇಂಗಾದ ಹೊಲದಾಗ ಜ್ವಾಳ ಎಲ್ಲಿಂದ ಬಂತು?" ಎಂದು ಇವರು ಯಾರನ್ನೂ ಕೇಳದೆ ಕೇಳಿದರು. ಬಗ್ಗಿ ಒಂದು ಕಾಳು ಹೆಕ್ಕಿ ಬಿಸಿಲಿಗೆ ಹಿಡಿದರು. ಕಾಳಿನ ಮೂತಿಯ ಸಂದಿನಲ್ಲಿ ಕೂದಲೆಳೆಯಷ್ಟು ಕೆಂಪು ಉಳಿದಿತ್ತು.

ಅದೇ ಹೊತ್ತಿಗೆ ಮೈದುನನ ಮೋಟರ್‌ಸೈಕಲ್ಲಿನ ಸದ್ದು ಕೇಳಿಸಿತು. ಹೇಳಿದಂತೆ ಗುಂಪು ಹೋಗುವ ದಿನ ಬಂದಿದ್ದ. ಬದುವಿನ ಮೇಲೆ ನಿಂತು ಹೊಲ ನೋಡಿ, "ಅಣ್ಣಾ, ಇದೇನ?" ಎಂದ.

"ನೀ ಹೇಳ, ಇದೇನಂತ." ಇವರ ದನಿ ನಾನು ಕೇಳದ ದನಿಯಾಗಿತ್ತು. "ಇದು ನಿನ್ನ ಬೀಜ. ಹಿಂಗಾರಿಗೆ ತಂದದ್ದು. ಕಬ್ಬ ಹಚ್ಚಬೇಕಾದ್ರ ಹಚ್ಚಬೇಕಿತ್ತು, ನಾ ಹೊಲಾ ಎತ್ತಿಕೊಂಡ ಓಡಿ ಹೋಗತಿದ್ನೇನ? ಹಿಂಗ್ಯಾಕ ಮಾಡಿದಿ?"

"ನಾನ? ಅಣ್ಣಾ, ನಾ ಬಾಗೇವಾಡಿಂದ ಈಗ ಬರಾಕತ್ತೇನಿ!"

"ನಿನ್ನೆ ನಾವ ಇಲ್ಲದಾಗ ಬಂದಿರಬೇಕು. ಮತ್ಯಾರ ಮಾಡತಾರ? ಮನ್ಯಾಗಿನವ್ರ ಮಾಡತಾರೇನ?"

ಮೈದುನನ ಮುಖ ಬಿಳಿಚಿತು. ಅವನು ಸಿಟ್ಟಿಗೇಳಲಿಲ್ಲ. "ಅವ್ವನ ಆಣಿ," ಎಂದ. ಚಿಕ್ಕಂದಿನಲ್ಲಿ ಇವರೇ ಹೆಗಲ ಮೇಲೆ ಹೊತ್ತು ಈಜು ಕಲಿಸಿದ ತಮ್ಮ.

ಸುಮ್ಮನಿದ್ದಿದ್ದರೆ ಅದು ಅಲ್ಲಿಗೇ ನಿಲ್ಲುತ್ತಿತ್ತು ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಐದಾರು ಉಸಿರಿನಷ್ಟು ಹೊತ್ತು ಸುಮ್ಮನಿದ್ದೆ. ಕಾನ್ವೆಂಟಿನ ಪ್ರಾರ್ಥನಾ ಮಂದಿರದಲ್ಲಿ ಮರದ ಜಾಲರಿಯ ಹಿಂದೆ ಮಂಡಿಯೂರಿ ತಪ್ಪು ಹೇಳಿಕೊಳ್ಳುವ ಹುಡುಗಿಯರನ್ನು ಕಂಡು ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಹೇಳಿ ಹೊರಬಂದವರೇ ಮುಖ ಹಗುರಾಗಿ ಕುಂಟಾಬಿಲ್ಲೆ ಆಡುತ್ತಿದ್ದರು. ನನಗೆ ಅಂಥ ಜಾಲರಿ ಇರಲಿಲ್ಲ. ಆರು ಮಂದಿ ಪರಸ್ಥಳದವರು, ಗಂಡ, ಮೈದುನ, ನೆಲದ ತುಂಬ ಹಕ್ಕಿ.

"ನಾನ್ರಿ," ಅಂದೆ. "ಜ್ವಾಳ ನಾ ಹಾಕೇನಿ. ಅವು ಬರಲಿ ಅಂತ. ತೊಳದಿದ್ದೆ."

ಇವರಿಗೆ ಅರ್ಥವಾಗಲಿಲ್ಲ. "ಏನ ತೊಳದಿದ್ದಿ?"

"ಬಣ್ಣ ಹೋಗೂ ಮಟಾ ತೊಳದಿದ್ದೆ. ಮೂರ ನೀರಾಗ."

"ಮೂರ ನೀರಾಗ," ಎಂದರು ಇವರು. ಮತ್ತೆ, "ಮೂರ ನೀರಾಗ." ಕಾಳನ್ನು ನೆಲಕ್ಕೆ ಹಾಕಲಿಲ್ಲ, ಎಲ್ಲಿ ಹಾಕಬೇಕೆಂದು ತಿಳಿಯದವರಂತೆ ನೋಡಿ ಅಂಗಿಯ ಕಿಸೆಗೆ ಹಾಕಿಕೊಂಡರು. ಬೈಯಲಿಲ್ಲ. ಮುಖ ಸಣ್ಣದಾಗಲೂ ಇಲ್ಲ. ಅದರ ಮೇಲೆ ಏನೂ ಇರಲಿಲ್ಲ.

ಅಷ್ಟರಲ್ಲಿ ಅತ್ತೆ ಕೋಲೂರಿಕೊಂಡು ಬದುವಿನವರೆಗೆ ಬಂದಿದ್ದರು. ಕೊನೆಯ ಮಾತು ಕಿವಿಗೆ ಬಿದ್ದಿರಬೇಕು. "ಆಕೀಗ ಏನೂ ಅನಬ್ಯಾಡೊ. ತೊಳದ ಹಾಕಂತ ಹೇಳಿದಾಕಿ ನಾನು. ಪಾಪ ನಂದು," ಎಂದರು.

"ಇಲ್ಲರಿ ಅತ್ಯಾ, ನೀವ ಹೇಳಿದ್ದು ಗುಬ್ಬಿಗೆ."

"ಗುಬ್ಬಿಗಾದ್ರ ಬಾಧಿ ಇಲ್ಲೇನ? ಅವಕ ಜೀವ ಇಲ್ಲೇನ?" ಎಂದು ನನ್ನನ್ನೇ ಗದರಿದರು. ಆಮೇಲೆ ಅಲ್ಲೇ ಕೂತು, ಇವತ್ತಿನಿಂದ ಮೂರು ದಿನ ಅನ್ನ ನೀರು ಬೇಡ ಎಂದು ಕೈಮುಗಿದು ನೇಮ ತೆಗೆದುಕೊಂಡುಬಿಟ್ಟರು. ಎಪ್ಪತ್ತೆರಡು ವರ್ಷದ ಜೀವ. ನನ್ನ ತಪ್ಪು ಪೂರ್ತಿ ನನ್ನದಾಗಿಯೂ ಉಳಿಯಲಿಲ್ಲ. ಅವರು ಅದರ ಅರ್ಧವನ್ನು ಸೆರಗಿಗೆ ಕಟ್ಟಿಕೊಂಡು ಮನೆಯ ಕಡೆ ನಡೆದರು.

ಅತಿಥಿಗಳು ಮಧ್ಯಾಹ್ನದ ರೈಲಿಗೆ ಹೊರಟರು. ನಾನು ಕಟ್ಟಿಕೊಟ್ಟ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ಯಾರೂ ಬೇಡ ಎನ್ನಲಿಲ್ಲ, ಆದರೆ ಮುಟ್ಟುವಾಗ ಬ್ಯಾಂಕಿನವರ ಕೈ ಒಂದು ಗಳಿಗೆ ನಿಂತದ್ದನ್ನು ನೋಡಿದೆ. ಡಾಕ್ಟರ್‌ ಬಾಯಿ ಜೀಪು ಹತ್ತುವಾಗ ನನ್ನ ಕಡೆ ನೋಡಿ, "ನೀವು ಹೇಳಿದಿರಲ್ಲ, ಅದು..." ಎಂದು ಶುರುಮಾಡಿ, ವಾಕ್ಯ ಮುಗಿಸಲಾಗದೆ ಬಿಟ್ಟರು. ಮೂರು ಸಲ ರದ್ದು ಮಾಡಿದ ರಜೆಯ ಕೊನೆಯಲ್ಲಿ ನಾನು ಅವರಿಗೆ ತೋರಿಸಿದ್ದು ಇದು.

ಅರಣ್ಯ ಇಲಾಖೆಯ ಗಾರ್ಡ್ ಬಂದು ಕಾಗದ ಬರೆದುಕೊಂಡ. ನಾನು ಎಲ್ಲವನ್ನೂ ಇನ್ನೊಮ್ಮೆ ಹೇಳಿ ಸಹಿ ಮಾಡಿದೆ. ಅವನು ಬೀಜದ ಚೀಲ ಕೇಳಿದಾಗ ಹುಡುಕಿದೆ. ಅತ್ತೆ ಅದನ್ನು ಮಡಚಿ ನೀರಿನ ಕೊಡದ ಕೆಳಗೆ ಒತ್ತಾಗಿ ಇಟ್ಟಿದ್ದರು. ಬಿಚ್ಚಿದರೆ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು: ವಿಷ ಲೇಪಿಸಿದ ಬೀಜ, ಊಟಕ್ಕಾಗಲಿ, ಮೇವಿಗಾಗಲಿ, ಎಣ್ಣೆಗಾಗಲಿ ಬಳಸಬಾರದು. ಆ ಮನೆಯಲ್ಲಿ ಇಂಗ್ಲಿಷನ್ನು ಸರಾಗವಾಗಿ ಓದುತ್ತಿದ್ದವಳು ನಾನು. ಔಷಧಿಯ ಬಾಟಲಿ, ಬಿಸ್ಕೀಟಿನ ಪೊಟ್ಟಣ, ಸೋಪಿನ ಕಾಗದ ಕೂಡ ಬಿಡದೆ ಓದುವ ಚಟ ನನಗೆ. ಆ ಚೀಲದ ಮೇಲೆ ಮೂರು ತಿಂಗಳು ನೀರಿನ ಕೊಡ ಎತ್ತಿ ಇಳಿಸಿದ್ದೆ.

ಗಾರ್ಡ್ ಹೋದ ಮೇಲೆ ಅಣ್ಣತಮ್ಮಂದಿರು ಹೊಲದ ಮೂಲೆಯಲ್ಲಿ ಗುಂಡಿ ತೋಡಿದರು. ಒಬ್ಬರು ಗುದ್ದಲಿ ಹಾಕಿದರೆ ಇನ್ನೊಬ್ಬರು ಮಣ್ಣು ಎತ್ತುತ್ತಿದ್ದರು. ನಾನು ಹಕ್ಕಿಗಳನ್ನು ಒಂದೊಂದಾಗಿ ತಂದು ಕೊಟ್ಟೆ. ಅಷ್ಟು ಎತ್ತರ ಕಾಣುವ ಹಕ್ಕಿ ಕೈಯಲ್ಲಿ ಎಷ್ಟು ಹಗುರ ಎಂದರೆ, ಕೂಸಿನ ಬಟ್ಟೆಯ ಗಂಟಿನಂತೆ. ಕಾಲುಗಳು ಮಾತ್ರ ಮಡಿಕೆಗೆ ಒಗ್ಗುತ್ತಿರಲಿಲ್ಲ. ಆಮೇಲೆ ಉಳಿದ ಕಾಳನ್ನೆಲ್ಲ ಹೆಕ್ಕಿದೆವು. ಮೊಣಕಾಲೂರಿ, ಹೆಂಟೆ ಹೆಂಟೆ ಮಗುಚಿ, ಮೂರು ಜನ, ಹೊತ್ತು ಇಳಿಯುವವರೆಗೆ.

ಮಣ್ಣು ಮುಚ್ಚಿದ ಮೇಲೆ ಇವರು ಕೈ ಝಾಡಿಸಿಕೊಂಡು ತಮ್ಮನಿಗೆ, "ಕಬ್ಬ ಹಚ್ಚಿಬಿಡು," ಅಂದರು.

"ಅಣ್ಣಾ, ಈಗ ಆ ಮಾತ ಬ್ಯಾಡ."

"ಇನ್ಯಾಕ ಕಾಯೂದು? ಅವು ಎಂಥಾ ಹಕ್ಕಿ ಅಂತ ನನಗ ಗೊತ್ತೈತಿ. ಸತ್ತ ಜಾಗಾಕ ತಿರುಗಿ ಬರೂದಿಲ್ಲ. ಮಕ್ಕಳಿಗೂ ಹೇಳತಾವು."

ಮೈದುನ ನನ್ನ ಕಡೆ ನೋಡಿದ. ಅವನ ಕಣ್ಣಿನಲ್ಲಿ ಗೆಲುವಿನ ಗುಲಗಂಜಿಯೂ ಇರಲಿಲ್ಲ. "ವೈನಿ, ನೀವರ ಹೇಳ್ರಿ," ಎಂದ. ಆ ಹೊಲದ ಬಗ್ಗೆ ಮಾತಾಡುವ ಹಕ್ಕು ನನಗೆ ಉಳಿದಿಲ್ಲ ಎನ್ನಿಸಿತು. ಇವರು ಬೋರ್ಡಿನ ಮುಂದೆ ಹಾದು ಒಳಗೆ ಹೋದರು. ದುರ್ಬೀನುಗಳನ್ನು ಚರ್ಮದ ಗೂಡಿಗೆ ಹಾಕಿ, ಗುಂಡಿ ಒತ್ತುವ ಸದ್ದು ಕೇಳಿಸಿತು. ನಾಲ್ಕು ಸಲ.

ಹೊತ್ತು ಮುಳುಗಲು ಇನ್ನೂ ಸ್ವಲ್ಪ ಇತ್ತು. ಅಭ್ಯಾಸಬಲದಿಂದ ಅಡಿಗೆ ಮಾಡಿದ್ದೆ. ಅತ್ತೆ ಜಪಮಣಿ ಹಿಡಿದು ಗೋಡೆಗೆ ಮುಖ ಮಾಡಿ ಕೂತಿದ್ದರು. ಮೈದುನ ಉಣ್ಣದೆ ಹೋದ. ಇವರು ತಾಟಿನ ಮುಂದೆ ಕೂತು, ರೊಟ್ಟಿಯ ಅಂಚನ್ನು ಎರಡು ಸಲ ಮುರಿದು, ಕೈ ತೊಳೆದರು. ಬೆಳಕು ಇಳಿಯಿತು, ಇನ್ನು ಯಾರೂ ಉಣ್ಣುವ ಹಾಗಿಲ್ಲ. ಪಾತ್ರೆ ಮುಚ್ಚಿಟ್ಟು ಕಟ್ಟೆಯ ಮೇಲೆ ಬಂದು ಕೂತೆ. ನದಿಯ ಕಡೆಯಿಂದ ಸದ್ದಿರಲಿಲ್ಲ. ಮರಳದಿಬ್ಬ ಬರಿದಾಗಿತ್ತು. ಬದುಕಿ ಉಳಿದವು ಎಲ್ಲಿಗೆ ಹೋದವೋ.

ಬದು ದಾಟಿ ಕಾಕಿ ಬಂದಳು. ಸೆರಗಿನಲ್ಲಿ ಹಸಿ ಕಡಲೆ ಗಿಡದ ಒಂದು ಕಟ್ಟು ಇತ್ತು. ಪಕ್ಕದಲ್ಲಿ ಕೂತು ನನ್ನ ಬೆನ್ನಿನ ಮೇಲೆ ಕೈಯಿಟ್ಟಳು.

"ಕೇಳಿದ್ನಿ ಯವ್ವಾ. ಭಾಳ ಸತ್ತುವಂತಲ್ಲ."

"ಹೂಂನ್ರಿ ಕಾಕಿ."

"ನೀ ಏನ ಬೇಕಂತ ಮಾಡಿದ್ಯಾ? ಬಿಡ. ಉಂಡ್ಯಾ ಇಲ್ಲಾ?"

"ಹೊತ್ತ ಮುಳುಗೇತ್ರಿ."

"ಹೌದಲ್ಲ, ನಿಮ್ಮದೊಂದ ಪಜೀತಿ. ಇವನ್ನ ಮುಂಜಾನೆ ತಿನ್ರಿ ಹಂಗಾರ." ಕಟ್ಟನ್ನು ನನ್ನ ಮಡಿಲಿಗೆ ಹಾಕಿದಳು. ಎಲೆಯ ಹುಳಿ ವಾಸನೆ ಬಂತು. ಮೊಣಕಾಲು ಹಿಡಿದು ಎದ್ದು ನಾಲ್ಕು ಹೆಜ್ಜೆ ಹೋದವಳು, ಏನೋ ನೆನಪಾದಂತೆ ಕತ್ತಲಿನಿಂದಲೇ ತಿರುಗಿ ಹೇಳಿದಳು:

"ಅಂದಂಗ, ಕಡ್ಲಿಗೆ ಆ ಕೊಕ್ಕರಿ ಬೀಳತಾವಂತ ನಮ್ಮ ಮುದುಕ ದಿನಾ ಮುಂಜಾನೆ ಥಂಡ್ಯಾಗ ಡಬ್ಬಿ ಬಡ್ಯಾಕ ಹೋಗತಿತ್ತ ನೋಡ. ನಾಳಿಂದ ಹಾಸಿಗ್ಯಾಗ ಬಿದ್ದಿರತೈತಿ ಬಿಡ, ಒಂದ ಚಿಂತಿ ಹೋತ."